ಸೇವಂತಿಗೆ ಇಲ್ಲದ ಮದುವೆ: ಇಸುಬು ಇದ್ದ ವಧುವಿನ ಮೇಕಪ್, ಒಂದು ಪ್ರಕರಣ

ಹುಡುಗಿಗೆ 26 ವರ್ಷ. ಹಾಸನದ ಅಂಚಿನ ಹೊಸ ಬಡಾವಣೆಯಲ್ಲಿ ಮನೆ, ಶಾಲೆಯಲ್ಲಿ ಟೀಚರ್ ಕೆಲಸ. ಚಿಕ್ಕಮಗಳೂರು ಕಡೆಯ ತೋಟದ ಮನೆಗೆ ಸೊಸೆಯಾಗಿ ಹೋಗುವವಳು. ನನ್ನ ಹತ್ತಿರ ಬಂದಾಗ ನವೆಂಬರ್, ಮದುವೆ ಫೆಬ್ರವರಿಯಲ್ಲಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಾನು ಹಾಸನ, ಬೇಲೂರು, ಸಕಲೇಶಪುರ ಕಡೆಯ ಮದುವೆಗಳಿಗೆ ಮೇಕಪ್ ಮಾಡುವವಳು, ಡಾಕ್ಟರ್ ಅಲ್ಲ. ಇಲ್ಲಿ ಬರುವ ಔಷಧಿಯ ಮಾತೆಲ್ಲ ಅವಳನ್ನು ನೋಡಿದ ಚರ್ಮದ ವೈದ್ಯರದ್ದು.

ಮೊದಲ ಸಲ ನೋಡಿದಾಗ ಅವಳ ಎರಡೂ ಮೇಲ್ರೆಪ್ಪೆಗಳು ದಪ್ಪಗಾಗಿ ನೆರಿಗೆ ಬಿದ್ದಿದ್ದವು. ಹುಬ್ಬಿನ ಕೆಳಗೆ ಸಣ್ಣಗೆ ಹೊಟ್ಟು ಎದ್ದಿತ್ತು. ಕತ್ತಿನ ಎರಡೂ ಪಕ್ಕ, ಕಿವಿಯ ಹಿಂದೆ, ಗದ್ದದ ಕೆಳಗೆ, ಮೊಣಕೈ ಮಡಿಕೆಯಲ್ಲಿ ಕಪ್ಪು ಛಾಯೆ. ಕೆರೆದೂ ಕೆರೆದೂ ಅಲ್ಲಿನ ಚರ್ಮ ಒರಟಾಗಿತ್ತು. ಇಂಟರ್‌ನೆಟ್‌ನಲ್ಲಿ ಸಿಗುವ ಚಿತ್ರಗಳಲ್ಲಿ ಇಸುಬು ಅಂದರೆ ಕೆಂಪು ಮಚ್ಚೆ. ನಮ್ಮಂಥ ಕಂದು ಚರ್ಮದಲ್ಲಿ ಅದು ಅಷ್ಟು ಕೆಂಪಗೆ ಕಾಣುವುದಿಲ್ಲ. ನೇರಳೆ ಬೆರೆತ ಕಂದು, ಕೆಲವೊಮ್ಮೆ ಬೂದಿ ಬಣ್ಣ. ಉರಿ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅವಳಿಗೆ ಮುಚ್ಚಬೇಕಾಗಿದ್ದು ಆ ಕಲೆಯನ್ನೇ.

ಕೇಳಿದ್ದು ಒಂದೇ ಪ್ರಶ್ನೆ. "ನಾನು ಮೇಕಪ್ ಹಾಕಿಸಿಕೊಳ್ಳಬಹುದಾ?"

ಮನೆಯಲ್ಲಿ ಇದಕ್ಕೆ ಎರಡು ಉತ್ತರ ಸಿಕ್ಕಿದ್ದವು. ಅಮ್ಮ ಬೇಡವೇ ಬೇಡ ಅಂದಿದ್ದರು. ಚಿಕ್ಕಮ್ಮ, ದಪ್ಪಗೆ ಬಳಿಸಿಬಿಡು, ಫೋಟೋದಲ್ಲಿ ಏನೂ ಕಾಣಲ್ಲ ಅಂದಿದ್ದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಇಸುಬು ಇರುವ ಹೆಣ್ಣುಮಕ್ಕಳಿಗೆ ಮೇಕಪ್ ಬೇಡ ಅನ್ನುವುದು ಸುಲಭ. ಆದರೆ ಚರ್ಮ ಯಾವುದಕ್ಕೆ ಸಿಟ್ಟಾಗುತ್ತಿದೆ ಎಂದು ಯಾರೂ ಹುಡುಕದಿದ್ದರೆ, ಮೇಕಪ್ ಬಿಟ್ಟರೂ ಅದು ಏಳುತ್ತಲೇ ಇರುತ್ತದೆ. ಈ ಹುಡುಗಿ ಒಂದು ವರ್ಷದಿಂದ ಫೌಂಡೇಶನ್ ಮುಟ್ಟಿರಲಿಲ್ಲ. ರೆಪ್ಪೆ ಮಾತ್ರ ಹಾಗೇ ಇತ್ತು.

ಚಿಕ್ಕಂದಿನಿಂದಲೂ ಅವಳಿಗೆ ಮೊಣಕೈ, ಮಂಡಿಯ ಹಿಂದೆ ಇಸುಬು ಇತ್ತು. ಚಳಿಗಾಲದಲ್ಲಿ ಜಾಸ್ತಿ. ಹಾಸನ 900 ಮೀಟರ್‌ಗಿಂತ ಎತ್ತರದ ಊರು. ಡಿಸೆಂಬರ್, ಜನವರಿಯ ಬೆಳಗಿನ ಚಳಿಗಾಳಿಗೆ ಚೆನ್ನಾಗಿರುವ ಚರ್ಮವೇ ಬಿರಿಯುತ್ತದೆ. ಇಂಥವರದ್ದು ಹುಟ್ಟಿನಿಂದಲೇ ತೇವ ಹಿಡಿದಿಡಲಾಗದ ಚರ್ಮ. ಆದರೆ ಮುಖ, ಕತ್ತಿಗೆ ಹರಡಿದ್ದು ಮೂರು ವರ್ಷದಿಂದ ಈಚೆಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚುತ್ತಿತ್ತು. ಮೂರು ವರ್ಷದ ಹಿಂದೆ ಏನಾಯಿತು ಎಂದು ಕೇಳಿದೆ. ಹೊಸ ಬಡಾವಣೆಗೆ ಮನೆ ಬದಲಿಸಿದ್ದರು. ಆಗ ಅದು ಮುಖ್ಯ ಎಂದು ಅವಳಿಗೂ ಅನಿಸಿರಲಿಲ್ಲ, ನನಗೂ ಅನಿಸಲಿಲ್ಲ.

ಬ್ಯಾಗಿನಿಂದ ಒಂದು ಟ್ಯೂಬ್ ತೆಗೆದು ತೋರಿಸಿದಳು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಟ್ಟಿದ್ದು. ಹುಳುಕಡ್ಡಿಗೆ, ನವೆಗೆ, ಕಲೆಗೆ, ಎಲ್ಲಕ್ಕೂ ಅದೊಂದೇ ಎಂದು ಹೇಳಿ ಕೊಟ್ಟಿದ್ದರಂತೆ. ಹಿಂದೆ ಸಣ್ಣ ಅಕ್ಷರದಲ್ಲಿದ್ದ ಹೆಸರುಗಳನ್ನು ಓದಿದೆ. ಕ್ಲೋಬೆಟಸಾಲ್, ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆ್ಯಂಟಿಬಯಾಟಿಕ್. ಕ್ಲೋಬೆಟಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದ್ದು. ಅದನ್ನು ಕಣ್ಣಿನ ರೆಪ್ಪೆಗೆ ತಿಂಗಳುಗಟ್ಟಲೆ ಹಚ್ಚಿದ್ದಳು. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು. ಅಲ್ಲಿಗೆ ಇಂಥ ಮುಲಾಮು ಬಹಳ ದಿನ ಬಿದ್ದರೆ ಚರ್ಮ ಇನ್ನೂ ತೆಳುವಾಗುತ್ತದೆ. ಕಣ್ಣಿನ ಒಳಗಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದರೆ ಸಿಗುತ್ತದೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೇಕಪ್ ಮಾತು ಅಲ್ಲಿಗೇ ನಿಲ್ಲಿಸಿದೆ. ಮೊದಲು ಚರ್ಮದ ಡಾಕ್ಟರ್, ಆಮೇಲೆ ನಾನು ಅಂದೆ.

ಡಾಕ್ಟರ್ ಅವಳ ಕಿವಿಯ ಹಿಂದೆ, ಗದ್ದದ ಕೆಳಗೆ ತುಂಬಾ ಹೊತ್ತು ನೋಡಿದರಂತೆ. ಯಾಕೆ ಎಂದು ಆಮೇಲೆ ತಿಳಿಯಿತು. ಬಿಸಿಲಿನಿಂದ ಬರುವ ತೊಂದರೆಯಾದರೆ ನೆರಳು ಬೀಳುವ ಈ ಜಾಗಗಳನ್ನು ಬಿಟ್ಟುಬಿಡುತ್ತದೆ. ಗಾಳಿಯಲ್ಲಿ ಬರುವ ಪುಡಿ, ಧೂಳಿನಿಂದ ಬಂದಿದ್ದರೆ ಅಲ್ಲೂ ಕೂರುತ್ತದೆ. ರೆಪ್ಪೆ, ಕತ್ತು, ಮೊಣಕೈ ಮಡಿಕೆ ಅದಕ್ಕೆ ಇಷ್ಟದ ಜಾಗಗಳು. ಹುಟ್ಟಿನಿಂದ ಬಂದ ಇಸುಬಿಗೂ ಅವೇ ಇಷ್ಟ. ಅದಕ್ಕೇ ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು.

ಯಾವುದಕ್ಕೆ ಅಲರ್ಜಿ ಎಂದು ಹುಡುಕಲು ಪ್ಯಾಚ್ ಟೆಸ್ಟ್ ಮಾಡೋಣ ಅಂದರು. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ಪದಾರ್ಥ ಅಂಟಿಸುತ್ತಾರೆ. 48 ಗಂಟೆ ಬೆನ್ನಿಗೆ ನೀರು ಸೋಕಿಸುವ ಹಾಗಿಲ್ಲ, ಬೆವರುವ ಹಾಗಿಲ್ಲ. ತೆಗೆದಾಗ ಒಮ್ಮೆ ನೋಡಿ, 72ರಿಂದ 96 ಗಂಟೆಯ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರೆ. ಬೆನ್ನಿಗೆ ಸ್ಟೀರಾಯ್ಡ್ ಹಚ್ಚಿದ್ದರೆ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಫಲಿತಾಂಶ ತಪ್ಪಿ ಹೋಗುತ್ತದೆ. ಎಲ್ಲ ಕಡೆ ಈ ಟೆಸ್ಟ್ ಸಿಗುವುದಿಲ್ಲ. ಮದುವೆ ಓಡಾಟದ ನಡುವೆ ಐದು ದಿನ ಹೊಂದಿಸುವುದೂ ಕಷ್ಟ. ಆದರೂ ಮಾಡಿಸಿದಳು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಆ ಐದು ದಿನ.

ಎರಡಕ್ಕೆ ಬೆನ್ನು ಎದ್ದಿತ್ತು. ಒಂದು, ಸುಗಂಧದ ಮಿಶ್ರಣ. ಇನ್ನೊಂದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ. ಒಡವೆಗಳಲ್ಲಿ ಬೆರೆತಿರುವ ನಿಕಲ್ ಲೋಹ ನೆಗೆಟಿವ್. ಕೂದಲ ಡೈನಲ್ಲಿರುವ ಪಿಪಿಡಿ ನೆಗೆಟಿವ್. ಅವಳು ಹಳೆಯ ಫೌಂಡೇಶನ್ ಡಬ್ಬಿಯನ್ನೂ ತೆಗೆದುಕೊಂಡು ಹೋಗಿದ್ದಳು. ಅದನ್ನೂ ಅಂಟಿಸಿ ನೋಡಿದ್ದರು. ಅದಕ್ಕೆ ಏನೂ ಆಗಿರಲಿಲ್ಲ.

ಹಾಗಾದರೆ ಫೌಂಡೇಶನ್ ಆಗುವುದಿಲ್ಲ ಎಂದು ಅವಳಿಗೆ ಅನಿಸಿದ್ದು ಯಾಕೆ? ಕೂತು ವಾರದ ಲೆಕ್ಕ ಹಾಕಿದೆವು. ಭಾನುವಾರ ಯಾರದಾದರೂ ಮದುವೆ, ನಾಮಕರಣ. ಮುಖಕ್ಕೆ ಫೌಂಡೇಶನ್. ಸಂಜೆಗೆ ರೆಪ್ಪೆ ಉರಿ. ತಪ್ಪು ಫೌಂಡೇಶನ್ ಮೇಲೆ ಬಿತ್ತು. ಆದರೆ ಪ್ರತಿ ಶುಕ್ರವಾರ ಪೂಜೆಗೆ ಸೇವಂತಿಗೆ ಬಿಡಿಸಿ, ಕಟ್ಟಿ, ಉಳಿದದ್ದನ್ನು ಮುಡಿಯುತ್ತಿದ್ದವಳೂ ಇವಳೇ. ಸೇವಂತಿಗೆ, ಚೆಂಡು ಹೂ, ಕಾಂಗ್ರೆಸ್ ಗಿಡ ಮೂರೂ ಒಂದೇ ಕುಟುಂಬದವು. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಎಷ್ಟೋ ಸಲ ಆಗುವುದಿಲ್ಲ. ಈ ಬಗೆಯ ಅಲರ್ಜಿ ತಕ್ಷಣ ಏಳುವುದೂ ಇಲ್ಲ. ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಶುಕ್ರವಾರ ಮುಟ್ಟಿದ್ದು ಭಾನುವಾರ ಏಳುತ್ತಿತ್ತು, ಅಷ್ಟೇ. ಹೊಸ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಎದೆಯೆತ್ತರ ಕಾಂಗ್ರೆಸ್ ಗಿಡ. ಅವಳ ರೂಮಿನ ಕಿಟಕಿ ತೆರೆಯುವುದು ಅದರ ಕಡೆಗೇ. ಮೂರು ವರ್ಷದ ಲೆಕ್ಕ ಅಲ್ಲಿ ಸಿಕ್ಕಿತು.

ಈ ಗಿಡ ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡಿದ್ದು. ಈಗ ಹಾಸನದ ಯಾವ ಬೈಪಾಸ್, ಯಾವ ಖಾಲಿ ಸೈಟಿನಲ್ಲಿ ಇಲ್ಲ ಹೇಳಿ. ಹಸಿ ಗಿಡ ಮುಟ್ಟಿದರೆ ಮಾತ್ರ ಅಲ್ಲ, ಒಣಗಿ ಪುಡಿಯಾಗಿ ಗಾಳಿಗೆ ಹಾರಿದರೂ ಅಲರ್ಜಿ ಇರುವವರಿಗೆ ಸಾಕು. ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ ದುಪಟ್ಟಾವನ್ನು ಅವಳು ಅಂಗಳದ ತಂತಿಯ ಮೇಲೆ ಒಣಹಾಕುತ್ತಿದ್ದಳು. ಮುಖ ಕಾಪಾಡಲು ಕಟ್ಟಿಕೊಂಡ ಬಟ್ಟೆಯಲ್ಲೇ ಪುಡಿ ಇರುತ್ತಿತ್ತು.

ಸುಗಂಧದ ಕಥೆ ಬೇರೆ. ಕೆಮಿಕಲ್ ಬೇಡ ಎಂದು ಅವಳು ಒಂದು ವರ್ಷದಿಂದ ಬಳಸುತ್ತಿದ್ದುದು ಗುಲಾಬಿ, ಶ್ರೀಗಂಧದ ಘಮ ಬರುವ ನ್ಯಾಚುರಲ್ ಫೇಸ್ ಪ್ಯಾಕ್. ಮೇಲೆ ಕಡಲೆಹಿಟ್ಟು, ನಿಂಬೆರಸ. ಚರ್ಮಕ್ಕೆ ಘಮ ಹೂವಿನಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ಗೊತ್ತಾಗುವುದಿಲ್ಲ. ಲವಂಗದ ಯುಜೆನಾಲ್, ಗುಲಾಬಿಯ ಜೆರಾನಿಯಾಲ್ ಎರಡೂ ಆ ಟೆಸ್ಟಿನ ಸುಗಂಧ ಮಿಶ್ರಣದಲ್ಲೇ ಇರುವ ಪದಾರ್ಥಗಳು. ನಿಂಬೆಯಂತೂ ಬಿರಿದ ಚರ್ಮಕ್ಕೆ ಸುಮ್ನೆ ಹಿಂಸೆ.

ಊಟದ ವಿಷಯದಲ್ಲೂ ಮನೆಯವರು ಬದನೆಕಾಯಿ, ಮೀನು, ಮೊಟ್ಟೆ ಎಲ್ಲ ನಂಜು ಎಂದು ಬಿಡಿಸಿದ್ದರು. ಇವಳ ವಿಷಯದಲ್ಲಿ ಅದರ ಅಗತ್ಯ ಇಲ್ಲ, ಎಲ್ಲ ತಿನ್ನಲಿ ಎಂದು ಡಾಕ್ಟರ್ ಹೇಳಿದರು. ಮದುವೆ ಹುಡುಗಿ ಮೂರು ತಿಂಗಳು ಸಪ್ಪೆ ತಿಂದುಕೊಂಡಿರಬೇಕಾ?

ಡಿಸೆಂಬರ್ ತಿಂಗಳು ಪೂರ್ತಿ ಚರ್ಮದ ಕೆಲಸಕ್ಕೇ ಹೋಯಿತು. ಜೋರಿನ ಮುಲಾಮು ನಿಲ್ಲಿಸಿ, ಸ್ವಲ್ಪ ದಿನಕ್ಕೆ ಮೆದುವಾದ ಸ್ಟೀರಾಯ್ಡ್ ಕೊಟ್ಟು, ಆಮೇಲೆ ರೆಪ್ಪೆಗೆ ಟ್ಯಾಕ್ರೋಲಿಮಸ್ ಎಂಬ, ಸ್ಟೀರಾಯ್ಡ್ ಅಲ್ಲದ ಮುಲಾಮಿಗೆ ಬದಲಿಸಿದರು. ಹಳೆ ಟ್ಯೂಬ್ ಬಿಟ್ಟಾಗ ಮುಖ ಮೊದಲಿಗಿಂತ ಕೆಟ್ಟಿತು. ಇದು ಗೊತ್ತಿದ್ದೇ ಆಗುವುದು, ಆದರೆ ಕನ್ನಡಿ ಮುಂದೆ ನಿಂತವಳಿಗೆ ಅದು ಸಮಾಧಾನವಲ್ಲ. ಟ್ಯಾಕ್ರೋಲಿಮಸ್ ಮೊದಲ ಕೆಲವು ದಿನ ಉರಿಯುತ್ತದೆ. ರಾತ್ರಿ ಅಳುತ್ತಾ ಫೋನ್ ಮಾಡಿದ್ದಳು, ಬಿಟ್ಟುಬಿಡುತ್ತೇನೆ ಎಂದು. ನೀನಾಗಿ ಬಿಡಬೇಡ, ಡಾಕ್ಟರನ್ನು ಕೇಳು ಅಂದೆ. ಟ್ಯೂಬನ್ನು ಫ್ರಿಡ್ಜಿನಲ್ಲಿಟ್ಟು ತಣ್ಣಗೆ ಹಚ್ಚಲು ಅವರು ಹೇಳಿದರು. ವಾರದಲ್ಲಿ ಉರಿ ಕಡಿಮೆಯಾಯಿತು.

ಸ್ನಾನ ಬದಲಿಸಿದ್ದಕ್ಕೆ ಮನೆಯಲ್ಲಿ ಜಾಸ್ತಿ ವಾದ ನಡೆಯಿತು. ನಮ್ಮ ಕಡೆ ಚಳಿಗಾಲ ಅಂದರೆ ಹಂಡೆಯ ಕುದಿ ನೀರು, ಮೈ ಕೆಂಪಗಾಗುವವರೆಗೆ ಉಜ್ಜುವುದು. ಸುಡುವ ನೀರು ಚರ್ಮದ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತದೆ. ಸೋಪು ಕ್ಷಾರ, ಆರೋಗ್ಯವಾಗಿರುವ ಚರ್ಮ ತುಸು ಹುಳಿ. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷದ ಸ್ನಾನ, ಒದ್ದೆ ಮೈ ಪೂರ್ತಿ ಆರುವ ಮೊದಲೇ ಘಮವಿಲ್ಲದ ಮಾಯಿಶ್ಚರೈಸರ್. ಅದೂ ಚಿಟಿಕೆಯಷ್ಟಲ್ಲ. ಮೈತುಂಬ ಇಸುಬಿರುವ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗಬಹುದು. ಅಂಗಡಿಯ ಸಣ್ಣ ಡಬ್ಬಿ ಎರಡು ದಿನಕ್ಕೂ ಬರುವುದಿಲ್ಲ. ದೊಡ್ಡ ಡಬ್ಬಿ ಕೊಳ್ಳಿ, ಪ್ಯಾಕಿಂಗ್ ಚೆಂದದ ದುಬಾರಿ ಕ್ರೀಮ್ ಬೇಡ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಅವಳು ಮೈಗೆಲ್ಲ ಧಾರಾಳವಾಗಿ ಹಚ್ಚಿದಳು.

ಜನವರಿ ಹೊತ್ತಿಗೆ ರೆಪ್ಪೆಯ ನೆರಿಗೆ ಇಳಿದಿತ್ತು. ಹೊಟ್ಟು ಹೋಗಿತ್ತು. ಕಪ್ಪು ಉಳಿದಿತ್ತು. ಇನ್ನು ಮೇಕಪ್ ಮಾತಾಡಬಹುದು ಎನಿಸಿತು.

ಸಾಮಾನು ಆರಿಸುವಾಗ ನಾನು ನೋಡಿದ್ದು ಬ್ರ್ಯಾಂಡ್ ಅಲ್ಲ, ಹಿಂದಿನ ಪಟ್ಟಿ. ಪರ್ಫ್ಯೂಮ್, ಫ್ರಾಗ್ರೆನ್ಸ್, ಎಸೆನ್ಷಿಯಲ್ ಆಯಿಲ್ ಇದ್ದರೆ ಬೇಡ. ಅನ್‌ಸೆಂಟೆಡ್ ಎಂದು ಬರೆದಿದ್ದರೆ ನಂಬಬೇಡಿ. ವಾಸನೆ ಮುಚ್ಚಲು ಬೇರೆ ಸುಗಂಧ ಹಾಕಿರುತ್ತಾರೆ. ಫ್ರಾಗ್ರೆನ್ಸ್ ಫ್ರೀ ಎಂದೇ ಇರಬೇಕು. ಪ್ಯಾರಾಬೆನ್ ಅಂದರೆ ಕ್ರೀಮ್ ಕೆಡದಂತೆ ಹಾಕುವ ಪ್ರಿಸರ್ವೇಟಿವ್. ಪ್ಯಾರಾಬೆನ್ ಫ್ರೀ ಎಂಬ ಮಾತಿಗೆ ಎಲ್ಲರೂ ಮರುಳಾಗುತ್ತಾರೆ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2019ರಲ್ಲಿ ಪ್ಯಾರಾಬೆನ್‌ಗಳನ್ನು ವರ್ಷದ 'ಅಲರ್ಜಿ ಅಲ್ಲದ' ಪದಾರ್ಥ ಎಂದು ಹೆಸರಿಸಿತು. ಅದೇ ಸಂಸ್ಥೆ 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿದ್ದು ಮಿಥೈಲ್‌ಐಸೋಥಯಾಜೋಲಿನೋನ್ ಎಂಬ ಪ್ರಿಸರ್ವೇಟಿವ್ ಅನ್ನು. ಒದ್ದೆ ವೈಪ್ಸ್ ಕೊಳ್ಳುವಾಗ ಆ ಉದ್ದ ಹೆಸರಿದೆಯಾ ನೋಡಿಕೊಳ್ಳುವುದು ಒಳ್ಳೆಯದು.

ಆರಿಸಿದ್ದನ್ನೆಲ್ಲ ಅವಳು ಮನೆಯಲ್ಲೇ ಪರೀಕ್ಷಿಸಿದಳು. ಮುಂಗೈ ಒಳಭಾಗದಲ್ಲಿ, ಇಸುಬಿಲ್ಲದ ಜಾಗದಲ್ಲಿ, ದಿನಕ್ಕೆ ಎರಡು ಸಲ, ಒಂದು ವಾರ. ಒಂದು ಸಲ ಹಚ್ಚಿ ಅರ್ಧ ಗಂಟೆ ನೋಡಿ ಸರಿ ಅನ್ನುವ ಟ್ರಯಲ್ ಇಂಥವರಿಗೆ ಸಾಲದು. ಒಂದು ಲಿಪ್‌ಸ್ಟಿಕ್ ನಾಲ್ಕನೇ ದಿನ ನವೆ ತಂದಿತು. ತೆಗೆದು ಹಾಕಿದೆವು. ಉಗುರು ಬಣ್ಣವನ್ನೂ ಬಿಡಿಸಿದೆ. ಉಗುರು ಬಣ್ಣದ ಅಲರ್ಜಿ ಬೆರಳಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ರೆಪ್ಪೆಯಲ್ಲಿ, ಕತ್ತಿನಲ್ಲಿ ಕಾಣುತ್ತದೆ, ಯಾಕೆಂದರೆ ಕೈ ಅಲ್ಲಿಗೇ ಹೋಗುತ್ತದೆ. ಮೆಹೆಂದಿಗೆ ಮನೆಯಲ್ಲಿ ಅರೆದ ಸೊಪ್ಪು ಸಾಕು ಅಂದೆ. ಕರಿ ಮೆಹೆಂದಿ ಕೋನ್ ಯಾರಿಗೂ ಬೇಡ, ಇಸುಬು ಇರಲಿ ಇಲ್ಲದಿರಲಿ.

ಅರಿಶಿನ ಶಾಸ್ತ್ರದ ವಿಷಯದಲ್ಲಿ ಮನೆ ಎರಡು ಭಾಗವಾಯಿತು. ಅರಿಶಿನ ಒಳ್ಳೆಯದು ತಾನೇ, ಯಾಕೆ ಬೇಡ ಎಂದು ಸೋದರತ್ತೆ ಹಟ ಹಿಡಿದರು. ಅರಿಶಿನಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ. ಈಗಿನ ಕಾಲದ ಹಾಗೆ ಹತ್ತಾರು ಕೈ ಸೇರಿ ಮುಖ ಮೈ ಉಜ್ಜಿದರೆ ತಿಂಗಳ ಕೆಲಸ ನೀರಲ್ಲಿ ಹೋಮ. ಪರಿಹಾರ ಹೇಳಿದ್ದು ಅಜ್ಜಿ. ನಮ್ಮ ಕಾಲದಲ್ಲಿ ಮುಖಕ್ಕೆ ಮೆತ್ತುತ್ತಿರಲಿಲ್ಲ, ಗರಿಕೆಯಲ್ಲಿ ಮುಟ್ಟಿಸುತ್ತಿದ್ದೆವು ಅಂದರು. ಹಾಗೇ ಮಾಡಿದರು. ಪಾದ, ಮಂಡಿ, ಭುಜ, ನೆತ್ತಿ. ಗರಿಕೆ ತುದಿಯಷ್ಟು ಅರಿಶಿನ, ಹಾಡು ಪೂರ್ತಿ. ಸೋದರತ್ತೆಯೂ ಹಾಡಿದರು.

ಹೂವಿನ ವಿಷಯ ದೊಡ್ಡದು. ಮಂಟಪಕ್ಕೆ ಸೇವಂತಿಗೆ, ಚೆಂಡು ಹೂ ಆಗಲೇ ಹೇಳಿಬಿಟ್ಟಿದ್ದರು. ನಮ್ಮ ಕಡೆ ಅವಿಲ್ಲದ ಮಂಟಪ ನೋಡಿದ್ದೀರಾ? ಅಪ್ಪ ಹೂವಿನವರ ಹತ್ತಿರ ಕೂತು ಬದಲಿಸಿದರು. ಮಂಟಪಕ್ಕೆ ಗುಲಾಬಿ, ಮಾವಿನ ಸೊಪ್ಪು, ತೆಂಗಿನ ಗರಿ, ಬಟ್ಟೆ. ಹಾರ ಗುಲಾಬಿ ಮತ್ತು ಸುಗಂಧರಾಜ. ಕತ್ತಿಗೆ ತಾಗುವ ಒಳಬದಿಗೆ ಬಿಳಿ ಹತ್ತಿ ಬಟ್ಟೆಯ ಪಟ್ಟಿ ಹೊಲಿಸಿದರು. ಗಂಡಿನ ಹಾರಕ್ಕೂ ಸೇವಂತಿಗೆ ಬೇಡ ಎಂದು ನೆನಪಿಸಿದ್ದು ಹುಡುಗನೇ. ಪಕ್ಕದಲ್ಲಿ ನಿಲ್ಲುವವನು ನಾನು, ನನ್ನ ಹಾರವೂ ಇವಳಿಗೆ ತಾಗುತ್ತೆ ಅಲ್ವಾ ಅಂದನಂತೆ. ಜಡೆಗೆ ಮಲ್ಲಿಗೆ, ಕನಕಾಂಬರ. ಅವು ಮುಡಿದಾಗ ಅವಳಿಗೆ ಯಾವತ್ತೂ ತೊಂದರೆ ಆಗಿರಲಿಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ಹಿಂದಿನ ದಿನ ಸಂಜೆ ರಿಸೆಪ್ಷನ್, ಮರುದಿನ ಬೆಳಿಗ್ಗೆ ಮುಹೂರ್ತ. ಅಂದರೆ ಹದಿನೈದು ಗಂಟೆಯೊಳಗೆ ಎರಡು ಮೇಕಪ್, ನಡುವೆ ಮೂರು ನಾಲ್ಕು ಗಂಟೆ ನಿದ್ದೆ. ಚೆನ್ನಾಗಿರುವ ಚರ್ಮಕ್ಕೂ ಇದು ಜಾಸ್ತಿ. ಹಾಗಾಗಿ ರಿಸೆಪ್ಷನ್‌ಗೆ ತುಸು ಗಾಢ, ಮುಹೂರ್ತಕ್ಕೆ ಆದಷ್ಟು ಹಗುರ ಎಂದು ಮೊದಲೇ ಒಪ್ಪಿಸಿದ್ದೆ.

ಅವಳಿಗೆಂದೇ ಹೊಸ ಸ್ಪಂಜು, ಬೇರೆ ತೊಳೆದ ಬ್ರಷ್. ಇಸುಬಿನ ಚರ್ಮದಲ್ಲಿ ಬ್ಯಾಕ್ಟೀರಿಯಾ ಬೇಗ ಬೇರೂರುತ್ತದೆ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಇದ್ದವರಿಗೆ ಬಳಸಿದ ಬ್ರಷ್ ಇಂಥವರಿಗೆ ತಾಗಿದರೆ ಆಸ್ಪತ್ರೆ ಸೇರುವ ಪರಿಸ್ಥಿತಿಯೂ ಬರಬಹುದು. ಮಾಯಿಶ್ಚರೈಸರ್ ಹಚ್ಚಿ ಅರ್ಧ ಗಂಟೆ ಕಾದೆ. ಆತುರ ಮಾಡಿದರೆ ಮೇಲಿನದೆಲ್ಲ ಜಾರುತ್ತದೆ. ಕತ್ತಿನ ಕಪ್ಪಿಗೆ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್, ಬೆರಳ ತುದಿಯಲ್ಲಿ ಒತ್ತಿ ಒತ್ತಿ. ನೇರವಾಗಿ ಫೌಂಡೇಶನ್ ಹಾಕಿದರೆ ಕಲೆ ಬೂದಿಯಾಗಿ ಕಾಣುತ್ತದೆ. ಆಮೇಲೆ ತೆಳು ಕ್ರೀಮ್ ಫೌಂಡೇಶನ್. ಎಲ್ಲೂ ಎಳೆಯಲಿಲ್ಲ, ಉಜ್ಜಲಿಲ್ಲ. ಪೌಡರ್ ಮೂಗು, ಹಣೆಗೆ ಮಾತ್ರ. ಒಣ ಜಾಗಕ್ಕೆ ಪೌಡರ್ ಬಿದ್ದರೆ ಕಾಣದಿದ್ದ ಹೊಟ್ಟೂ ಎದ್ದು ಕಾಣುತ್ತದೆ. ರೆಪ್ಪೆಗೆ ಮಿನುಗು ಇಲ್ಲ, ಅಂಟಿಸುವ ಕೂದಲಿಲ್ಲ. ನೀರಿಗೆ ಹೋಗುವ ಮಸ್ಕರಾ, ಯಾಕೆಂದರೆ ವಾಟರ್‌ಪ್ರೂಫ್ ಆದರೆ ತೆಗೆಯಲು ತಿಕ್ಕಬೇಕು. ಸ್ಟಿಕರ್ ಬೊಟ್ಟಿನ ಅಂಟೂ ಕೆಲವರಿಗೆ ಆಗುವುದಿಲ್ಲ, ಹಾಗಾಗಿ ಬೊಟ್ಟು ಬರೆದೆ. ನಿಕಲ್ ನೆಗೆಟಿವ್ ಇದ್ದುದರಿಂದ ಒಡವೆಯ ಚಿಂತೆ ಇರಲಿಲ್ಲ.

ರಾತ್ರಿ ತೆಗೆಯುವ ಕೆಲಸಕ್ಕೂ ನಾನು ಉಳಿದೆ. ಇಂಥ ಚರ್ಮದಲ್ಲಿ ಹಚ್ಚುವುದಕ್ಕಿಂತ ತೆಗೆಯುವಾಗ ಹೆಚ್ಚು ಹಾಳಾಗುತ್ತದೆ ಎಂದು ನನ್ನ ಗಟ್ಟಿ ಅಭಿಪ್ರಾಯ. ಹನ್ನೆರಡು ಗಂಟೆಗೆ ಸುಸ್ತಾದ ಹುಡುಗಿ ವೈಪ್ಸ್ ತಗೊಂಡು ಪರಪರ ಉಜ್ಜಿಕೊಂಡರೆ ಎಲ್ಲ ಮುಗಿಯಿತು. ಘಮವಿಲ್ಲದ ಕ್ಲೆನ್ಸಿಂಗ್ ಕ್ರೀಮ್ ದಪ್ಪಗೆ ಹಚ್ಚಿ, ಕರಗಲು ಬಿಟ್ಟು, ಅಜ್ಜಿ ಕೊಟ್ಟ ಹಳೆ ಪಂಚೆಯ ತುಂಡುಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಖದ ಮೇಲೆ ಒತ್ತಿ ಒತ್ತಿ ಎತ್ತಿದೆ. ಬಟ್ಟೆ ಬಿಳಿಯಾಗಿ ಬರುವವರೆಗೆ. ಆಮೇಲೆ ಡಾಕ್ಟರ್ ಹೇಳಿದ ಮುಲಾಮು, ನಿದ್ದೆ.

ಮುಹೂರ್ತಕ್ಕೆ ಬಣ್ಣದ ಸನ್‌ಸ್ಕ್ರೀನ್, ಕತ್ತಿಗೆ ಕರೆಕ್ಟರ್, ಕಾಡಿಗೆಯ ತೆಳು ಗೆರೆ. ಕುಂಕುಮ ಇಡುವ ಜಾಗಕ್ಕೆ ಚೂರು ವ್ಯಾಸಲಿನ್. ಹೋಮದ ಮುಂದೆ ಕೂರುವುದರಿಂದ ಮೈಗೆ ಜಿಡ್ಡು ಮುಲಾಮು ಬಳಿದುಕೊಳ್ಳಬೇಡ ಎಂದು ಹೇಳಿದ್ದೆ. ಅಂಥ ಮುಲಾಮಿನಲ್ಲಿರುವ ಪ್ಯಾರಾಫಿನ್ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಹೊಗೆಗೆ ಕಣ್ಣಲ್ಲಿ ನೀರು ಬಂದಾಗ ಒರೆಸಲು ಅವಳ ಅಣ್ಣನ ಹೆಂಡತಿ ಮೆತ್ತನೆ ಕರವಸ್ತ್ರ ಹಿಡಿದು ಪಕ್ಕದಲ್ಲೇ ಕೂತಿದ್ದರು.

ಎಲ್ಲ ಸರಿಹೋಯಿತು ಎಂದಲ್ಲ. ಮದುವೆಯಾಗಿ ಎರಡು ದಿನಕ್ಕೆ ಬಲಗಣ್ಣಿನ ಕೆಳಗೆ ಮತ್ತು ಎರಡೂ ಮಣಿಕಟ್ಟಿನಲ್ಲಿ ಎದ್ದಿತು. ಮೇಕಪ್ಪೇ ಇರಬೇಕು ಎಂದು ಎಲ್ಲರೂ ಅಂದರು. ಅವಳು ಫೋಟೋ ತೆಗೆದು ನೋಡಿದಳು. ರಿಸೆಪ್ಷನ್‌ನಲ್ಲಿ ಕೈಗೆ ಬಂದ ಬೊಕೆಗಳಲ್ಲಿ ಜರ್ಬೆರಾ. ಅದೂ ಅದೇ ಕುಟುಂಬದ ಹೂವು. ಮಂಟಪ, ಹಾರ ಎಲ್ಲ ನೋಡಿದ್ದ ನಮಗೆ ನೆಂಟರು ತರುವ ಬೊಕೆ ಹೊಳೆದಿರಲಿಲ್ಲ. ಮಣಿಕಟ್ಟಿಗೆ ನಾನು ಏನೂ ಹಚ್ಚಿರಲೇ ಇಲ್ಲ, ಹಾಗಾಗಿ ಮೇಕಪ್ ಮೇಲೆ ಅನುಮಾನ ಉಳಿಯಲಿಲ್ಲ. ಡಾಕ್ಟರ್ ಹೇಳಿದ ಹಾಗೆ ಮುಲಾಮು ಹಚ್ಚಿ ವಾರದಲ್ಲಿ ಇಳಿಯಿತು.

ಈಗ ಅವಳು ಚಿಕ್ಕಮಗಳೂರಿನ ತೋಟದ ಮನೆಯಲ್ಲಿದ್ದಾಳೆ. ಮಲೆನಾಡಿನ ಅಂಗಳ ಅಂದರೆ ಡೇಲಿಯ, ಜೀನಿಯಾ ಇಲ್ಲದೆ ಇರುತ್ತದಾ? ಅವೂ ಅದೇ ಕುಟುಂಬ. ಅತ್ತೆ ವರ್ಷಾನುಗಟ್ಟಲೆ ಬೆಳೆಸಿದ ಗಿಡಗಳನ್ನು ಕೀಳಿಸಲು ಇವಳಿಗೆ ಮನಸ್ಸಿಲ್ಲ. ಮಾತಾಡಿಕೊಂಡು ಡೇಲಿಯ ಗೆಡ್ಡೆಗಳನ್ನು ಬಟ್ಟೆ ಒಣಹಾಕುವ ಕಡೆಯಿಂದ ಗೇಟಿನ ಆಚೆ ಬದಿಗೆ ಸಾಗಿಸಿದ್ದಾರೆ. ಪೂಜೆಗೆ ದಾಸವಾಳ, ನಂದಿಬಟ್ಟಲು ಇವಳು ಬಿಡಿಸುತ್ತಾಳೆ, ಸೇವಂತಿಗೆ ಇದ್ದ ದಿನ ಅತ್ತೆ. ಕತ್ತಿನ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ. ಬಿಳಿಯಾಗಿಸುವ ಕ್ರೀಮ್ ಬೇಡ, ಸನ್‌ಸ್ಕ್ರೀನ್ ಬಿಡಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಮೊನ್ನೆ ತಂಗಿಯ ಸೀಮಂತಕ್ಕೆ ಹಳೆಯ ಫೌಂಡೇಶನ್ ಇನ್ನೂ ಬಳಸಬಹುದಾ ಎಂದು ಕೇಳಿದಳು. ಅಷ್ಟು ಹಳೆಯ ಡಬ್ಬಿ ಎಸೆದುಬಿಡು, ಅದೇ ಹೊಸದು ತಗೋ ಅಂದೆ.